ಮಾವಿನ ಮೊಟ್ಟೆ

ಕಣ್ಣು ಹೇಳಿದ್ದನ್ನು ನಾಲಗೆ ಅಲ್ಲಗಳೆಯುವ ಪ್ರಸಂಗಗಳು ನಮ್ಮ ದಿನಬಳಕೆಯ ಬಾಳಿನಲ್ಲಿ ಹೆಚ್ಚಿಲ್ಲ. ಅನ್ನ ಅನ್ನದಂತೆಯೇ ಕಾಣುತ್ತದೆ. ಹುಳಿ ಹುಳಿಯಂತೆಯೇ ಕಾಣುತ್ತದೆ. ಎಲೆಯ ಮುಂದೆ ಕುಳಿತವನು ಮೊದಲು ಕಣ್ಣಿನಿಂದ ಉಂಡು ಆಮೇಲೆ ಬಾಯಿಂದ ಉಣ್ಣುತ್ತಾನೆ. ಎರಡು ಊಟಕ್ಕೂ ವ್ಯತ್ಯಾಸ ಬಂದರೆ ಅದು ಉಪ್ಪು ಹೆಚ್ಚಾಯಿತೆಂದೋ ಖಾರ ಕಡಮೆಯಾಯಿತೆಂದೋ ಹೇಳುವಷ್ಟು ಮಾತ್ರ. ಹೀಗಿರುವಾಗ, ಕಳೆದ ವರ್ಷ ಮಾವಿನ ಕಾಲದ ಒಂದು ಭಾನುವಾರ ಮಧ್ಯಾಹ್ನ, ನಮ್ಮ ಮನೆಯ ಊಟದ ಮೇಜಿನ ಮೇಲೆ, ನನ್ನ ತಾಯಿಯವರ ಮುಂದೆ, ತಟ್ಟೆಯಲ್ಲಿ ಒಂದು ಮೊಟ್ಟೆ ಬಂದು ಕುಳಿತಿತು. ಬಾಣಲೆಯಲ್ಲಿ ಒಡೆದು ಹಾಕಿ ಬೇಯಿಸಿದ ಮೊಟ್ಟೆ: ಸುತ್ತಲೂ ಬೆಳ್ಳಗೆ, ನಡುವೆ ಹಳದಿಯ ಉಬ್ಬು, ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು.

ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ. ಹುಟ್ಟಿದಂದಿನಿಂದ ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ಮುಟ್ಟಿದವರಲ್ಲ. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು, "ಇದೇನೇ ಇದು?" ಎಂದು ಮೊಮ್ಮಗಳನ್ನು ಕೇಳಿದರು. ದನಿಯಲ್ಲಿ ಕೋಪಕ್ಕಿಂತ ದಿಗಿಲು ಹೆಚ್ಚಾಗಿತ್ತು. ಮಗಳಿಗೆ ಒಂದು ಕ್ಷಣವೂ ತಡೆಯಲಾಗಲಿಲ್ಲ. "ಮಾವಿನ ಹಣ್ಣು ಕಣಜ್ಜಿ! ಹಳದಿ ಮಾವಿನ ಹಣ್ಣು, ಬಿಳೀದು ತೆಂಗಿನ ಹಾಲು, ಮೇಲೆ ಏಲಕ್ಕಿ. ಚಮಚದಲ್ಲಿ ಒತ್ತಿ ನೋಡು!" ತಾಯಿ ನಂಬದೆ ನಂಬಿ ಒತ್ತಿದರು. ಹಳದಿಯ ತೆಳುವಾದ ಪೊರೆ ಒಡೆದು ರಸಪುರಿ ಹಣ್ಣಿನ ರಸ ತಟ್ಟೆಯ ತುಂಬ ಹರಿಯಿತು. ಅವರು ನಕ್ಕ ನಗು ಬೀದಿಗೆ ಕೇಳಿಸಿರಬೇಕು. ಕಣ್ಣೊರೆಸಿಕೊಳ್ಳುತ್ತಲೇ ತಟ್ಟೆಯನ್ನು ಬರಿದು ಮಾಡಿದರು.

ಈ ವಿದ್ಯೆಗೆ ಮಾಲಿಕ್ಯುಲರ್ ಗ್ಯಾಸ್ಟ್ರಾನಮಿ ಎಂದು ಹೆಸರು. ಕನ್ನಡದಲ್ಲಿ ಅಣುಪಾಕವೆನ್ನಬಹುದೆಂದು ನಾನು ಸೂಚಿಸಿದೆ. ಅಣು ಎಂದೊಡನೆ ಬಾಂಬಿನ ನೆನಪಾಗುತ್ತದೆಂದು ನನ್ನ ಹೆಂಡತಿ ಒಪ್ಪಲಿಲ್ಲ. ಹೆಸರಿಟ್ಟವರು ಅಡುಗೆಯವರಲ್ಲ, ವಿಜ್ಞಾನಿಗಳು. ಹಂಗೆರಿಯಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಕೆಲಸ ಮಾಡಿದ ನಿಕೊಲಸ್ ಕುರ್ಟಿ ಎಂಬ ಭೌತವಿಜ್ಞಾನಿ 1969ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅಡುಗೆಮನೆಯ ಭೌತಶಾಸ್ತ್ರವನ್ನು ಕುರಿತು ಒಂದು ಉಪನ್ಯಾಸ ಮಾಡಿದರು. ಶುಕ್ರಗ್ರಹದ ವಾತಾವರಣದ ಉಷ್ಣತೆಯನ್ನು ಅಳೆಯಬಲ್ಲ ನಾವು ನಮ್ಮ ಒಲೆಯಲ್ಲಿ ಬೇಯುವ ತಿಂಡಿಯ ಒಳಗೆ ಏನು ನಡೆಯುತ್ತದೆಂದು ಅರಿಯೆವಲ್ಲ ಎಂಬುದು ಅವರ ಕೊರಗು. ಒಳಗೆ ಬಿಸಿ, ಹೊರಗೆ ಮಂಜುಗಡ್ಡೆಯಾದ ಒಂದು ಸಿಹಿಯನ್ನು ಅವರು ಮಾಡಿ ತೋರಿಸಿದರು. ಮೈಕ್ರೋವೇವ್ ಅಲೆಗಳು ಮಂಜುಗಡ್ಡೆಯನ್ನು ಅಷ್ಟಾಗಿ ಕಾಯಿಸದೆ ಒಳಗಿನ ಹೂರಣವನ್ನು ಕಾಯಿಸುತ್ತವೆಂಬುದು ಅದರ ಗುಟ್ಟು. 1988ರಲ್ಲಿ ಕುರ್ಟಿಯವರೂ ಫ್ರಾನ್ಸಿನ ರಸಾಯನವಿಜ್ಞಾನಿ ಎರ್ವೆ ತೀಸ್ ಅವರೂ ಸೇರಿ ಈ ಅಧ್ಯಯನಕ್ಕೆ ಹೆಸರಿಟ್ಟರು. ವಿಜ್ಞಾನಿಗಳು ಕಾರಣವನ್ನು ಹುಡುಕುತ್ತಿದ್ದಾಗ ಅಡುಗೆಯವರು ಚಮತ್ಕಾರವನ್ನು ಹುಡುಕಿದರು. ಸ್ಪೇನಿನ ರೋಸೆಸ್ ಎಂಬ ಊರಿನ ಬಳಿ 'ಎಲ್ ಬುಲ್ಲಿ' ಎಂಬ ಭೋಜನಶಾಲೆಯನ್ನು ನಡೆಸುತ್ತಿದ್ದ ಫೆರಾನ್ ಅದ್ರಿಯಾ 2003ರಲ್ಲಿ ಕರ್ಬೂಜ ಹಣ್ಣಿನ ರಸವನ್ನು ಮೀನಿನ ಮೊಟ್ಟೆಗಳಂತೆ ಪುಟ್ಟ ಪುಟ್ಟ ಗುಳಿಗೆಗಳನ್ನಾಗಿ ಮಾಡಿ ಬಡಿಸಿದರು. ಆ ಭೋಜನಶಾಲೆ 2011ರಲ್ಲಿ ಬಾಗಿಲು ಮುಚ್ಚಿತು. ವಿದ್ಯೆ ಮಾತ್ರ ಮನೆ ಮನೆಗೆ ಹರಡಿತು. ನಮ್ಮ ಮನೆಗೆ ಅದನ್ನು ತಂದವಳು ಬಿ.ಎಸ್‌ಸಿ. ಓದುತ್ತಿರುವ ಮಗಳು.

ವಿದ್ಯೆಯ ಮೂಲ ಸರಳ. ಕಂದು ಬಣ್ಣದ ಕಡಲಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟ್ ಎಂಬ ಪುಡಿ ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ. ಅದಕ್ಕೆ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ತಗುಲಿದರೆ ಲೋಳೆಯ ಉದ್ದನೆಯ ಎಳೆಗಳು ಒಂದನ್ನೊಂದು ಹಿಡಿದುಕೊಂಡು ಪೊರೆಯಾಗಿ ಗಟ್ಟಿಯಾಗುತ್ತವೆ. ನೂರು ಗ್ರಾಂ ಮಾವಿನ ರಸಕ್ಕೆ 2 ಗ್ರಾಂ ಕ್ಯಾಲ್ಸಿಯಂ ಲ್ಯಾಕ್ಟೇಟ್ ಬೆರೆಸಿ, ದುಂಡನೆಯ ಅಚ್ಚಿನಲ್ಲಿ ಮಂಜುಗಟ್ಟಿಸಿ, ಅರ್ಧ ಲೀಟರು ನೀರಿಗೆ 2.5 ಗ್ರಾಂ ಆಲ್ಜಿನೇಟ್ ಬೆರೆಸಿದ ಲೋಳೆಯಲ್ಲಿ ಮೂರು ನಿಮಿಷ ಬಿಟ್ಟು, ಒಳ್ಳೆಯ ನೀರಿನಲ್ಲಿ ತೊಳೆದರೆ ಹಳದಿಯ ಉಂಡೆ ಸಿದ್ಧ. ಬರೆಯುವುದಕ್ಕೆ ಇಷ್ಟೇ. ಮಾಡುವಾಗ ಮೊದಲ ಮೂರು ಭಾನುವಾರ ನಮಗೆ ದಕ್ಕಿದ್ದು ಗೊಜ್ಜು. ನಮ್ಮ ಬಡಾವಣೆಯ ಕೊಳವೆಬಾವಿಯ ನೀರು ಗಡಸು. ಅದರಲ್ಲೇ ಸುಣ್ಣ ತುಂಬಿರುವುದರಿಂದ ಆಲ್ಜಿನೇಟ್ ಹಾಕಿದೊಡನೆ ಮಾವನ್ನು ಕಾಯದೆ ತಾನೇ ಗಂಟುಕಟ್ಟುತ್ತಿತ್ತು. ಅಂಗಡಿಯಿಂದ ಬಟ್ಟಿಯಿಳಿಸಿದ ನೀರು ತಂದ ಮೇಲೆ ಉಂಡೆ ಉಂಡೆಯಾಯಿತು. ಬಿಳಿಯ ಭಾಗಕ್ಕೆ ತೆಂಗಿನ ಹಾಲನ್ನು ಚೈನಾ ಗ್ರಾಸಿನೊಡನೆ ಕುದಿಸಿ ತಟ್ಟೆಗೆ ಹೊಯ್ದದ್ದು. ಅದೂ ಕಡಲಪಾಚಿಯೇ, ಕೆಂಪು ಜಾತಿಯದು.

ಇವೆಲ್ಲ ಪಶ್ಚಿಮದ ಹುಚ್ಚು ಎಂದು ತಳ್ಳಿಹಾಕುವವರು ಆಗ್ರಾದ ಪೇಠಾವನ್ನು ನೆನೆಯಬೇಕು. ಬೂದುಗುಂಬಳದ ಹೋಳುಗಳನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಯಿಟ್ಟು ಪಾಕಕ್ಕೆ ಹಾಕಿದರೆ ಹೋಳು ಕರಗದೆ ಗರಿಯಾಗಿ ನಿಲ್ಲುತ್ತದೆ. ಕಾಯಿಯೊಳಗಿನ ಪೆಕ್ಟಿನ್ನಿಗೂ ಸುಣ್ಣಕ್ಕೂ ಅಲ್ಲಿ ಆಗುವ ನಂಟು ನಮ್ಮ ಮಾವಿನ ಮೊಟ್ಟೆಯ ನಂಟೇ. ನೆನೆದ ಕಾಮಕಸ್ತೂರಿ ಬೀಜ ತನ್ನ ಸುತ್ತ ತಾನೇ ಲೋಳೆಯ ಗೋಳವನ್ನು ಕಟ್ಟಿಕೊಳ್ಳುತ್ತದೆ. ಅಡುಗೆಮನೆ ಪ್ರಯೋಗಶಾಲೆಗೆ ಸಾಲ ಕೊಟ್ಟದ್ದೂ ಉಂಟು. 1881ರಲ್ಲಿ ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಬಳಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಎಂಬವರಿಗೆ ಸೂಕ್ಷ್ಮಜೀವಿಗಳನ್ನು ಬೆಳೆಸುವ ಜೆಲಟಿನ್ ಬೇಸಗೆಯಲ್ಲಿ ಕರಗಿಹೋಗುತ್ತಿತ್ತು. ಅದರ ಬದಲು ಅಗರ್ ಬಳಸಿ ನೋಡಿರೆಂದು ಸೂಚಿಸಿದವರು ಅವರ ಪತ್ನಿ ಫ್ಯಾನಿ. ಆಕೆ ಮನೆಯಲ್ಲಿ ಸಿಹಿತಿಂಡಿಗೆ ಬಳಸುತ್ತಿದ್ದ ವಸ್ತು ಅದು. ನಾವು ಚೈನಾ ಗ್ರಾಸ್ ಎನ್ನುವುದೂ ಅದನ್ನೇ. ಒಂದು ಬಾಯಲ್ಲಿ ಕರಗುತ್ತದೆ, ಇನ್ನೊಂದು ಕರಗುವುದಿಲ್ಲ. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನನ್ನ ಕಥೆಗೆ ಅದು ಮುಂದೆ ಬೇಕಾಗುತ್ತದೆ.

ತಾಯಿಯ ನಗು ಮುಗಿದ ಮೇಲೆ ನನ್ನನ್ನು ಒಂದು ಪ್ರಶ್ನೆ ಕಾಡಿತು. ನಾವು ಮಾಡಿದ್ದು ಮೋಸವಲ್ಲವೆ? ಒಂದನ್ನು ಇನ್ನೊಂದೆಂದು ತೋರಿಸಿ ತಿನ್ನಿಸುವುದು ಸುಳ್ಳಲ್ಲದೆ ಮತ್ತೇನು? ಬೇಕರಿಯ ಕೇಕಿನ ತುದಿಯಲ್ಲಿ ಕೆಂಪಗೆ ಹೊಳೆಯುವ ಚೆರಿ ಹಣ್ಣು ಅನೇಕ ವೇಳೆ ನಮ್ಮ ಬೇಲಿಯ ಕವಳೆಕಾಯಿ. ಬಣ್ಣ ಸಕ್ಕರೆಗಳಲ್ಲಿ ಮುಳುಗಿ ಜಾತಿ ಬದಲಾಯಿಸಿದೆ. ಬ್ರೆಡ್ಡಿನೊಳಗಿನ ಟೂಟಿ ಫ್ರೂಟಿ ಪರಂಗಿಕಾಯಿಯ ಚೂರು. ಅದ್ರಿಯಾ ಬಳಸಿದ ಆಲ್ಜಿನೇಟಿನ ಗುಟ್ಟೂ ಹೊಸದಲ್ಲ. 1940ರ ದಶಕದಲ್ಲಿಯೇ ಅದೇ ಪುಡಿ, ಅದೇ ಸುಣ್ಣದಂಶಗಳಿಂದ ಕೃತಕ ಚೆರಿ ಹಣ್ಣನ್ನು ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದಾರೆ. ರಸಾಯನ ಒಂದೇ. ಆದರೂ ಕೃತಕ ಚೆರಿಯನ್ನು ತಿಂದವನಿಗೆ ನಿಜ ತಿಳಿದಾಗ ಮುಖ ಸಪ್ಪಗಾಗುತ್ತದೆ. ಕರ್ಬೂಜದ ಗುಳಿಗೆಯನ್ನು ತಿಂದವನಿಗೆ ನಿಜ ತಿಳಿದಾಗ ಮುಖ ಅರಳುತ್ತದೆ. ಹೀಗೇಕೆ?

ತರಗತಿಯಲ್ಲಿ ಕಾವ್ಯಮೀಮಾಂಸೆಯ ಪಾಠ ಹೇಳುವಾಗ ನಾನು ವರ್ಷಕ್ಕೊಮ್ಮೆ ಶಂಕುಕನ ಚಿತ್ರತುರಗವನ್ನು ಕರೆತರುತ್ತೇನೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿ ಇದು ಕುದುರೆ ಎನ್ನುತ್ತೇವೆ. ಅದು ನಿಜವೆಂದು ನಂಬಿ ಹುಲ್ಲು ಹಾಕುವುದಿಲ್ಲ. ಸುಳ್ಳೆಂದು ಬೈದು ಹೋಗುವುದೂ ಇಲ್ಲ. ನಟನಲ್ಲಿ ರಾಮನನ್ನು ಕಾಣುವುದೂ ಹಾಗೆಯೇ. ಅಲ್ಲಿ ನಮ್ಮನ್ನು ಯಾರೂ ವಂಚಿಸಿಲ್ಲ; ನಾವೂ ಅದರಲ್ಲಿ ಪಾಲುದಾರರು. ಮಾವಿನ ಮೊಟ್ಟೆ ಮೊದಲ ಅರೆ ನಿಮಿಷ ಸುಳ್ಳು. ಮಗಳು ಬಾಯಿಬಿಟ್ಟೊಡನೆ ಚಿತ್ರತುರಗ. ತಾಯಿ ಚಮಚದಿಂದ ಅದನ್ನು ಒತ್ತಿದಾಗ ಅವರೂ ಆಟದೊಳಗೆ ಬಂದಿದ್ದರು.

ಒಳಗೆ ಕರೆಯದೆ ಆಡುವ ಆಟಕ್ಕೆ ನಿದರ್ಶನ ಮಯಸಭೆ. ಅದೂ ಅದ್ಭುತವಾದ ಕೌಶಲವೇ. ಆದರೆ ನೆಲವನ್ನು ನೀರೆಂದು ಬಟ್ಟೆಯೆತ್ತಿದ, ನೀರನ್ನು ನೆಲವೆಂದು ಕಾಲಿಟ್ಟು ಬಿದ್ದ ದುರ್ಯೋಧನನಿಗೆ ಯಾರೂ ಮುಂದೆ ಬಂದು ಕೈಹಿಡಿದು ಹೇಳಲಿಲ್ಲ, ನಕ್ಕರು. ಅವನು ಅತಿಥಿಯಾಗಿ ಬಂದಿದ್ದ, ನಗೆಪಾಟಲಾಗಿ ಹೋದ. ಆ ನಗುವಿನ ಬೆಲೆಯೇನೆಂದು ಕನ್ನಡಿಗರಿಗೆ ಪಂಪನಿಂದ ಹಿಡಿದು ಎಲ್ಲರೂ ಹೇಳಿದ್ದಾರೆ.

ಆದ್ದರಿಂದ ನಾನು ಅಂದು ಒಂದು ಸೂತ್ರವನ್ನು ಕಂಡುಕೊಂಡೆನೆಂದು ಹಿಗ್ಗಿದೆ. ಆಟದ ಮೋಸಕ್ಕೆ ಹೇಳಿಬಿಡುವ ಆತುರವಿರುತ್ತದೆ. ನಿಜವಾದ ಮೋಸಕ್ಕೆ ಮುಚ್ಚಿಡುವ ಎಚ್ಚರವಿರುತ್ತದೆ. ನಿಜ ತಿಳಿದರೆ ಸಂತೋಷ ಇಮ್ಮಡಿಯಾಗುವುದಾದರೆ ಅದು ಕಲೆ. ಇದ್ದ ಸಂತೋಷವೂ ಹೋಗುವುದಾದರೆ ಅದು ಸುಳ್ಳು. ಸೂತ್ರ ಚೆನ್ನಾಗಿತ್ತು. ಅದು ನನಗೇ ಅನ್ವಯಿಸುವ ಕಾಲ ಇಷ್ಟು ಬೇಗ ಬರುತ್ತದೆಂದು ಮಾತ್ರ ತಿಳಿದಿರಲಿಲ್ಲ.

ಆಷಾಢದಲ್ಲಿ ಮಗಳು ಹಾಲಿನ ನೊರೆಯನ್ನು ಗಟ್ಟಿಸುವ ಪ್ರಯೋಗಕ್ಕೆ ಕೈಹಾಕಿದಳು. ಬಾದಾಮಿ ಹಾಲನ್ನು ಕಡೆದು, ನೊರೆ ಇಳಿಯುವ ಮುನ್ನ ಬಿಗಿಯಾಗುವಂತೆ ಮಾಡಿ, ತಣ್ಣಗೆ ಮಾಡಿ ಚೌಕವಾಗಿ ಕತ್ತರಿಸುವುದು. ಆಕೆ ಬರೆದುಕೊಟ್ಟ ಸಾಮಾನಿನ ಚೀಟಿಯಲ್ಲಿ ಜೆಲಟಿನ್ ಎಂದಿತ್ತು. ಪೊಟ್ಟಣವನ್ನು ತಂದವನು ನಾನು. "ಅಪ್ಪ, ಇದು ವೆಜ್ಜೇ ತಾನೆ?" ಎಂದು ಅವಳು ಕೇಳಿದಾಗ, "ಚೈನಾ ಗ್ರಾಸ್‌ಗೇ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ" ಎಂದು ಕಣ್ಣೆತ್ತದೆ ಹೇಳಿದವನೂ ನಾನೇ. ಪದಗಳ ಅರ್ಥ ಹೇಳಿ ಸಂಬಳ ತೆಗೆದುಕೊಳ್ಳುವವನ ಮಾತನ್ನು ಅವಳು ಏಕೆ ಅನುಮಾನಿಸಬೇಕು?

ತಿಂಡಿ ನೋಡುವುದಕ್ಕೆ ಕೊಬ್ಬರಿ ಮಿಠಾಯಿಯಷ್ಟು ಸಾಧುವಾಗಿತ್ತು. ಬೆಳ್ಳನೆಯ ಚೌಕ, ಮೇಲೊಂದು ಕೇಸರಿಯ ಎಸಳು. ತಾಯಿಗೆ ಉಳಿದಿರುವ ಹಲ್ಲು ಕೆಲವೇ. ಚೈನಾ ಗ್ರಾಸಿನದಾದರೆ ಅಗಿಯಬೇಕು. ಇದು ನಾಲಗೆಯ ಬಿಸಿಗೇ ಕರಗಿಹೋಯಿತು. "ಏನು ಮಾಡಿದ್ದೀಯೇ, ಬಾಯಲ್ಲಿ ಇಟ್ಟರೆ ಇಲ್ಲ!" ಎಂದು ಅವರು ಆಶ್ಚರ್ಯಪಟ್ಟು, ಎಂದೂ ಇನ್ನಷ್ಟು ಕೇಳದವರು, "ಇನ್ನೊಂದು ಚೂರು ಹಾಕು" ಎಂದು ಕೇಳಿ ಹಾಕಿಸಿಕೊಂಡರು. "ಶ್ರಾವಣದ ಮೊದಲ ಶುಕ್ರವಾರಕ್ಕೆ ಇದನ್ನೇ ಮಾಡು" ಎಂದೂ ಹೇಳಿದರು.

ಎರಡು ದಿನದ ಮೇಲೆ ಮಗಳು ಉಳಿದ ಪೊಟ್ಟಣವನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಅದರ ಮೂಲೆಯಲ್ಲಿ ಹಸುರು ಚುಕ್ಕೆಯಿರಲಿಲ್ಲ. ಕಂದು ಬಣ್ಣದ ತ್ರಿಕೋನವಿತ್ತು. ಜೆಲಟಿನ್ ಎಂದರೆ ದನ ಹಂದಿ ಮೊದಲಾದ ಪ್ರಾಣಿಗಳ ಚರ್ಮವನ್ನೂ ಮೂಳೆಯನ್ನೂ ಸಂಸ್ಕರಿಸಿ ತೆಗೆದ ವಸ್ತು. ನಾಲಗೆಯ ಬಿಸಿಗೆ ಕರಗುವ ಆ ಗುಣ ಬಂದದ್ದು ಅಲ್ಲಿಂದ. ಮೊಟ್ಟೆಯಂತೆ ಕಂಡದ್ದು ಮಾವಿನ ಹಣ್ಣಾಗಿತ್ತು. ಹಾಲಿನಂತೆ ಕಂಡದ್ದು ಬರಿಯ ಹಾಲಾಗಿರಲಿಲ್ಲ.

ಜಗತ್ತಿನಲ್ಲಿ ಬಹುಮಂದಿಗೆ ಇದರಲ್ಲಿ ಯಾವ ದೋಷವೂ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ನನ್ನ ಮಟ್ಟಿಗೂ ಅಷ್ಟೇನೂ ಸಂಕಟವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ತಿಂದವರು ನಾನಲ್ಲದೆ ಇನ್ನೊಬ್ಬರು. ಎಪ್ಪತ್ತೆಂಟು ವರ್ಷ ಕಾಪಾಡಿಕೊಂಡು ಬಂದದ್ದು ಅವರದು. ಅದರ ಬೆಲೆಯನ್ನು ನನ್ನ ತಕ್ಕಡಿಯಲ್ಲಿ ತೂಗುವ ಅಧಿಕಾರ ನನಗೆಲ್ಲಿಯದು?

ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಸಭೆ ಸೇರಿದೆವು. "ತಿಂದದ್ದು ಆಯಿತು, ಅರಗಿದ್ದೂ ಆಯಿತು. ಈಗ ಹೇಳಿ ಅವರ ಜೀವ ಏಕೆ ನೋಯಿಸುತ್ತೀರಿ?" ಎಂದಳು ಹೆಂಡತಿ. ಮಗಳು ಅಳುತ್ತಿದ್ದಳು. ಮೌನದ ಪರವಾಗಿ ನನಗೆ ವಾದಗಳಿಗೇನೂ ಕೊರತೆಯಾಗಲಿಲ್ಲ. ಅರಿಯದೆ ಮಾಡಿದ್ದಕ್ಕೆ ಪಾಪವಿಲ್ಲ. ಅಪ್ರಿಯವಾದ ಸತ್ಯವನ್ನು ಹೇಳಬಾರದೆಂದು ಹಿರಿಯರೇ ವಿಧಿಸಿದ್ದಾರೆ. ವಯಸ್ಸಾದವರ ಮನಸ್ಸಿನ ನೆಮ್ಮದಿ ದೊಡ್ಡದು. ಒಂದೊಂದು ವಾದವೂ ನಿಜ. ಎಲ್ಲವೂ ಒಟ್ಟಾಗಿ ನನ್ನ ಅನುಕೂಲಕ್ಕೇ ಬಂದು ಸೇರುತ್ತಿದ್ದುದೊಂದೇ ಅನುಮಾನಕ್ಕೆ ಎಡೆ.

ಹೀಗೆ ಹತ್ತು ದಿನ ಕಳೆದವು. ಆ ಹತ್ತು ದಿನಗಳಲ್ಲಿ ನಾನು ಕಂಡದ್ದನ್ನು ಹೇಳಬೇಕು. ತಾಯಿ ಯಾವ ದಿನವೂ ತಟ್ಟೆಯನ್ನು ನೋಡಿ "ಇದರಲ್ಲಿ ಏನು ಹಾಕಿದ್ದೀರಿ?" ಎಂದು ಕೇಳಲಿಲ್ಲ. ಬಡಿಸಿದ್ದನ್ನು ಉಂಡರು, ಎದ್ದರು. ಮೊದಲೂ ಕೇಳುತ್ತಿರಲಿಲ್ಲ, ಕೇಳದಿರುವುದು ಒಂದು ವಿಶೇಷವೆಂದು ನನಗೆ ಆಗ ತೋರಿರಲಿಲ್ಲ. ನಂಬಿಕೆ ಎಂಬುದು ದೊಡ್ಡ ಮಾತೇನಲ್ಲ. ಕೇಳದೆ ಉಣ್ಣುವುದೇ ಅದು. ಮೊಟ್ಟೆಯ ದಿನ ಮಗಳು ಗುಟ್ಟನ್ನು ಒಂದು ಕ್ಷಣ ಹಿಡಿದಿಟ್ಟುಕೊಳ್ಳಲಾರದೆ ಹೋದಳು. ಈಗ ಅದೇ ಹುಡುಗಿ ಅಜ್ಜಿ ಬಂದೊಡನೆ ಮಾತು ನಿಲ್ಲಿಸುತ್ತಿದ್ದಳು. ಪೊಟ್ಟಣವನ್ನು ನಾನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಬೀದಿಯ ಕೊನೆಯ ತೊಟ್ಟಿಗೆ ಹಾಕಿ ಬಂದಿದ್ದೆ. ಮುಚ್ಚಿಡುವ ಎಚ್ಚರ! ನನ್ನ ಸೂತ್ರ ನನ್ನನ್ನು ನೋಡಿ ನಗುತ್ತಿತ್ತು. ಶ್ರಾವಣದ ಶುಕ್ರವಾರವೂ ಹತ್ತಿರ ಬರುತ್ತಿತ್ತು. ಅಂದು ಒಂದು ನೆಪ ಹೇಳಬೇಕು, ಆ ನೆಪಕ್ಕೆ ಇನ್ನೊಂದು.

ಹನ್ನೆರಡನೆಯ ದಿನ ಸಂಜೆ ಅವರು ಹಜಾರದಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. "ಅಮ್ಮ, ನಿನಗೊಂದು ವಿಷಯ ಹೇಳಬೇಕು" ಎಂದು ಎದುರಿಗೆ ಕುಳಿತೆ. ಹೇಳಿದೆ. ಅವರ ಕೈ ನಿಂತಿತು.

"ಯಾವ ಪ್ರಾಣಿ?"

"ಗೊತ್ತಿಲ್ಲಮ್ಮ. ದನದ್ದೂ ಇರಬಹುದು, ಹಂದಿಯದೂ ಇರಬಹುದು."

"ಮಗುವಿಗೆ ಗೊತ್ತಿತ್ತೇ?"

"ಇಲ್ಲ. ಅವಳು ಕೇಳಿದಳು. ತಪ್ಪು ಹೇಳಿದವನು ನಾನು."

ಸ್ವಲ್ಪ ಹೊತ್ತು ಹತ್ತಿಯನ್ನೇ ನೋಡುತ್ತಿದ್ದರು. "ಎಷ್ಟು ದಿನವಾಯಿತು?"

"ಹನ್ನೆರಡು."

"ಹನ್ನೆರಡು ದಿನ ನನ್ನ ಎದುರಿಗೇ ಊಟಕ್ಕೆ ಕೂತಿದ್ದೀಯಲ್ಲೋ."

ಅಷ್ಟೇ ಅಂದದ್ದು. ಪ್ರಾಣಿಯ ಮಾತನ್ನು ಮತ್ತೆ ಎತ್ತಲಿಲ್ಲ. ಮರುದಿನ ತಲೆಗೆ ನೀರು ಹಾಕಿಕೊಂಡು ಸಂಜೆಯವರೆಗೆ ಉಪವಾಸವಿದ್ದರು. ನಾನು ಕಾಲೇಜಿಗೆ ಹೊರಟಾಗ ಎಂದಿನಂತೆ ಬಾಗಿಲವರೆಗೆ ಬರಲಿಲ್ಲ. ಮೊಮ್ಮಗಳನ್ನು ಮಾತ್ರ ಹತ್ತಿರ ಕೂರಿಸಿಕೊಂಡು ತಲೆ ಬಾಚಿದರು. ಮುಂದೆ ಸುಮಾರು ಒಂದು ತಿಂಗಳ ಕಾಲ, ಹೊರಗಿನಿಂದ ಏನು ತಂದರೂ, "ಇದರಲ್ಲಿ ಏನೇನಿದೆ, ಓದು" ಎನ್ನುತ್ತಿದ್ದರು. ಆ ಮಾತು ಪ್ರತಿ ಸಲವೂ ನನಗೆ ತಗುಲುತ್ತಿತ್ತು. ಹೇಳಬಾರದಾಗಿತ್ತೇನೋ ಎಂದು ಒಂದೆರಡು ಬಾರಿ ಅನ್ನಿಸಿದ್ದೂ ಉಂಟು. ಆದರೆ ಹೇಳದೆ ಉಳಿಸಿಕೊಳ್ಳಬಹುದಾಗಿದ್ದ ನಂಬಿಕೆ ಅವರದಾಗಿರುತ್ತಿತ್ತೇ ಹೊರತು ನನ್ನದಾಗಿರುತ್ತಿರಲಿಲ್ಲ. ಅವರು ಉಣ್ಣುತ್ತಿದ್ದರು, ನಾನು ನೋಡುತ್ತಿದ್ದೆ. ಒಂದೇ ಮೇಜಿನಲ್ಲಿ ಕುಳಿತು ಒಬ್ಬರು ಮನೆಯವರಾಗಿ, ಇನ್ನೊಬ್ಬರು ಮಯಸಭೆಯ ಮಾಲೀಕರಾಗಿ ಇರುವುದು ಸಾಧ್ಯವಿಲ್ಲ.

ನಾನು ನನ್ನ ಸೂತ್ರವನ್ನು ಈಗ ಸ್ವಲ್ಪ ತಿದ್ದಿಕೊಂಡಿದ್ದೇನೆ. ನಿಜ ತಿಳಿದರೆ ಸಂತೋಷ ಇಮ್ಮಡಿಯಾಗುವುದೇ ಇಲ್ಲವೇ ಎಂದು ನೋಡಿ ಹೇಳುವುದು ಕಲೆಗಾರನ ಲೆಕ್ಕ. ಸಂತೋಷ ಹೋಗುತ್ತದೆಂದು ತಿಳಿದಿದ್ದೂ ಹೇಳಬೇಕಾದ ಸಂದರ್ಭ ಬರುತ್ತದೆ. ಅದು ಬಡಿಸುವವನ ಲೆಕ್ಕ. ರೂಪವನ್ನು ಎಷ್ಟು ಬೇಕಾದರೂ ಬದಲಾಯಿಸಲಿ. ನಳ ಬಾಹುಕನಾಗಿ ಗುರುತು ಸಿಕ್ಕದಂತಿದ್ದಾಗಲೂ ಅವನು ಮಾಡಿದ ಅಡುಗೆಯ ರುಚಿ ದಮಯಂತಿಗೆ ನಿಜವನ್ನೇ ಹೇಳಿತು. ಹೊರಗಿನ ವೇಷ ಏನೇ ಇರಲಿ, ಎಲೆಗೆ ಬಿದ್ದ ಮೇಲೆ ಉಣ್ಣುವವನ ಪ್ರಶ್ನೆಗೆ ಅನ್ನ ನಿಜವಾದ ಉತ್ತರ ಕೊಡಬೇಕು. ಪ್ರಶ್ನೆ ಕೇಳದವನಿಗೆ ಮೊದಲು ಕೊಡಬೇಕು.

ಈ ವರ್ಷ ರಸಪುರಿ ಬಂದಾಗ ತಾಯಿ ತಾವಾಗಿಯೇ, "ಆ ಮೊಟ್ಟೆ ಮಾಡೇ" ಎಂದರು. ಮಗಳು ಪೊಟ್ಟಣಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದನ್ನೇ ಓದಿ ಹೇಳಿದಳು. ಅವರು ಕನ್ನಡಕ ಹಾಕಿಕೊಂಡು ಹಸುರು ಚುಕ್ಕೆಗಳನ್ನು ಎಣಿಸಿದರು. ಆಮೇಲೆ, "ಮೊಟ್ಟೆಯ ಹಾಗೇ ಕಾಣಬೇಕು, ತಿಳೀತೇ?" ಎಂದು ಅಪ್ಪಣೆ ಮಾಡಿ, ಎದುರು ಮನೆಯ ತಮ್ಮ ಗೆಳತಿಯನ್ನು ಊಟಕ್ಕೆ ಕರೆಸಿದರು. ಆಕೆಯೂ ಇವರಷ್ಟೇ ಮಡಿವಂತರು. ತಟ್ಟೆ ಬಂತು. ಆಕೆ ಬೆಚ್ಚಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುವುದರೊಳಗೆ, ಆಟವನ್ನು ಹೂಡಿದ್ದ ನಮ್ಮ ತಾಯಿಯೇ ತಡೆಯಲಾರದೆ ಆಕೆಯ ಕೈ ಹಿಡಿದು ಹೇಳಿಬಿಟ್ಟರು: "ಹೆದರಬೇಡಿ, ಮಾವಿನ ಹಣ್ಣು ಕಣ್ರೀ!"